ಪರೀಕ್ಷೆಯ ಹಲ್ಲು

ಹೊಸಹಳ್ಳಿ, ಬಂಗಾರಪೇಟೆ ತಾಲ್ಲೂಕು
೩ ನವೆಂಬರ್ ೨೦೨೫, ಕಾರ್ತಿಕ ಸೋಮವಾರ

ಡಾಕ್ಟರ್ ಶ್ಯಾಮಲ ಅವರಿಗೆ, ಹೊಸಹಳ್ಳಿಯ ಹಾಲಿನ ವೆಂಕಟರತ್ನಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಬೆಳಗಿನ ಹಾಲು ಡೇರಿಗೆ ಹಾಕಿ ಬರುತ್ತಿದ್ದೆ. ಪೋಸ್ಟ್‌ಮ್ಯಾನ್ ಎದುರಾಗಿ, "ಏನಮ್ಮಾ, ನಿಂಗ್ಯಾರೋ ಡಾಕ್ಟ್ರು ಕಾಗ್ದ ಬರ್ದವ್ರೆ, ಒಳ್ಳೇಗಿದ್ದೀಯ ತಾನೆ?" ಅಂದ. ಹುಣಸೆ ಮರದ ಕೆಳಗೆ ಖಾಲಿ ಕ್ಯಾನು ಇಟ್ಟು ಕವರಿನ ಹಿಂದೆ ಓದಿದೆ. ಡಾ. ಎಸ್. ಶ್ಯಾಮಲ, ಪ್ರೊಫೆಸರ್, ದಂತ ವೈದ್ಯಕೀಯ ಕಾಲೇಜು, ಬೆಂಗಳೂರು. ಒಳಗಿನ ಕಾಗದ ತೆಗೆಯುವ ಮೊದಲೇ "ಗೋವಿಂದಾ" ಅಂತ ಗಟ್ಟಿಯಾಗಿ ಕೂಗಿಬಿಟ್ಟೆ. ಅಲ್ಲಿ ಮೇಯುತ್ತಿದ್ದ ಕುರಿಗಳು ಚೆದುರಿ ಹೋದವು.

ಯಾಕೆ ಕೂಗಿದೆ ಅಂದರೆ, ಇಪ್ಪತ್ತೈದು ವರ್ಷದಿಂದ ಪ್ರತಿ ಶನಿವಾರ ವೆಂಕಟರಮಣನ ಮುಂದೆ ದೀಪ ಹಚ್ಚುವಾಗ, ಮನೆಯವರಿಗೆಲ್ಲ ಕೇಳಿಕೊಂಡಾದ ಮೇಲೆ ಕೊನೆಯಲ್ಲಿ ಒಂದು ಮಾತು ಇರುತ್ತಿತ್ತು. "ಕೋರಮಂಡಲ್ ಸೆಲ್ವರಾಜಣ್ಣನ ಮಗಳು ಪಾಸಾಗಿರಲಪ್ಪಾ." ಪಾಸಾದಳೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಆ ವರ್ಷವೇ ಚಿನ್ನದ ಗಣಿ ಮುಚ್ಚಿತು, ನಿಮ್ಮ ಅಪ್ಪ ಕ್ವಾರ್ಟರ್ಸ್ ಬಿಟ್ಟು ಹೊಸೂರಿಗೆ ಹೋದರು ಅಂತ ಮಾತ್ರ ಗೊತ್ತಾಯಿತು. ಈಗ ನೋಡಿದರೆ ಪಾಸಾಗಿದ್ದಷ್ಟೇ ಅಲ್ಲ, ಪಾಸು ಮಾಡಿಸುವ ಕುರ್ಚಿಯಲ್ಲೇ ಕೂತಿದ್ದೀರಿ! ಸ್ವಾಮಿ ನನಗೆ ಇಷ್ಟು ದಿನ ಉತ್ತರ ಹೇಳದೆ ಸುಮ್ಮನಿದ್ದನಲ್ಲ ಅಂತ ಸ್ವಲ್ಪ ಸಿಟ್ಟೂ ಬಂತು. ಕೂಡಲೇ ಕೆನ್ನೆ ತಟ್ಟಿಕೊಂಡೆ.

ಮನೆಗೆ ಬಂದು ನನ್ನ ಸೊಸೆ ಸುಮಲತನ ಕೈಲಿ ಇನ್ನೊಂದು ಸಲ ಓದಿಸಿದೆ. ಫೆಬ್ರವರಿ ಇಪ್ಪತ್ತೆರಡನೇ ತಾರೀಕು ಭಾನುವಾರ ನಿಮ್ಮ ಜೊತೆ ಓದಿದವರೆಲ್ಲ ಇಪ್ಪತ್ತೈದು ವರ್ಷದ ಮೇಲೆ ಕಾಲೇಜಿನಲ್ಲಿ ಸೇರುತ್ತೀರಿ, ಅವತ್ತು ನಿಮ್ಮದೊಂದು ಲೆಕ್ಚರು, ಆವಾಗಿನ ನಿಮ್ಮ ಪರೀಕ್ಷೆಗೆ ರೋಗಿಯಾಗಿ ಬಂದಿದ್ದ ನಾನು ಮುಂದಿನ ಸಾಲಿನಲ್ಲಿ ಕೂರಬೇಕು. ಇದೇ ತಾನೆ? ಹಳೆಯ ಕೇಸ್ ಪುಸ್ತಕದಲ್ಲಿ ನನ್ನ ವಿಳಾಸ ಸಿಕ್ಕಿತು ಅಂತ ಬರೆದಿದ್ದೀರಿ. ಅಷ್ಟು ವರ್ಷ ಆ ಪುಸ್ತಕ ಇಟ್ಟುಕೊಂಡಿದ್ದಿರಾ?

ಸುಮಲತನಿಗೆ ಇದೆಲ್ಲ ಹೊಸದು. "ಏನತ್ತೆ, ನೀವು ಯಾವಾಗ ಪರೀಕ್ಷೆ ಬರೆದ್ರಿ?" ಅಂದಳು. ಅವಳಿಗೆ ಹೇಳಿದೆ. ಆಗ ನಾನು ಬೆಳಗಿನ ಟ್ರೈನಿನಲ್ಲಿ ಹಾಲು ತಗೊಂಡು ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದು ಗಣಿಯ ಕ್ವಾರ್ಟರ್ಸಿಗೆ ಹಾಕುತ್ತಿದ್ದೆ. ನಿಮ್ಮದು ಮೂರನೇ ಲೈನು, ಕೊನೇ ಮನೆ. ನೀವು ರಜಕ್ಕೆ ಬಂದಾಗ ನನ್ನ ಬಾಯಿ ತೆಗೆಸಿ ಎಡಗಡೆ ದವಡೆ ಹಲ್ಲಿನ ತೂತು ನೋಡಿ, ಚಿನ್ನ ಸಿಕ್ಕಿದ ಹಾಗೆ ಕುಣಿದಿರಿ. "ಅಕ್ಕಾ, ಇಂಥಾ ತೂತಿಗೇ ನಾವು ಊರೂರು ಅಲೀತೀವಿ. ಪರೀಕ್ಷೆ ದಿನ ಸಾರುಗಳ ಮುಂದೆ ನಾನಿದಕ್ಕೆ ಬೆಳ್ಳಿ ತುಂಬ್ತೀನಿ. ಅಲ್ಲೀತನಕ ಯಾರೂ ಮುಟ್ಟಬಾರ್ದು, ಆಣೆ ಮಾಡು" ಅಂದಿರಿ. ಮಾಡಿದೆ. ಆಮೇಲೆ ಆಗಿದ್ದು ನಿಮಗೇ ಗೊತ್ತು. ಪರೀಕ್ಷೆಯ ದಿನ ಹಲ್ಲು ಕೀಳಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತೆ.

ಇದನ್ನು ಕೇಳಿ ಸುಮಲತ ನಕ್ಕು ನಕ್ಕು ರಾಗಿಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಬರುತ್ತೇನೆ. ಯಜಮಾನರನ್ನು ಒಂದು ಮಾತು ಕೇಳಬೇಕು, ಅಷ್ಟೇ. ಫೋನ್ ನಂಬರ್ ಕೊಟ್ಟಿದ್ದೀರಿ, ಆದರೆ ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಅತ್ತುಬಿಡುತ್ತೇನೆ. ಅದಕ್ಕೇ ಕಾಗದ. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸ್ವಾಮಿ ನಿಮ್ಮ ಕೈಗೆ ಬಲ ಕೊಡಲಿ.
ವೆಂಕಟರತ್ನಮ್ಮ


ಬೆಂಗಳೂರು
೧೭ ನವೆಂಬರ್ ೨೦೨೫

ರತ್ನಕ್ಕಾ,

ಮೊದಲು ಆ "ನೀವು" ತೆಗೆದುಹಾಕು. ಮೂರನೇ ಲೈನಿನಲ್ಲಿ ನಿಂತು "ಏ ಶಾಮ್ಲಾ, ಪಾತ್ರೆ ತಾಮ್ಮೀ" ಅಂತ ಇಡೀ ಕಾಲೋನಿ ಎಬ್ಬಿಸುತ್ತಿದ್ದವಳು ನೀನು. ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಈಗ ಎಪ್ಪತ್ತೊಂಬತ್ತು, ನನ್ನ ಜೊತೆಗೇ ಇದ್ದಾರೆ. "ನಮ್ಮ ಪಾಲ್ಕಾರಮ್ಮನಾ? ಅವ್ಳು ಹಾಲಿಗೆ ಒಂದಿನ ನೀರು ಹಾಕ್ಲಿಲ್ಲಮ್ಮಾ" ಅಂದರು. ನನ್ನ ಪ್ರೊಫೆಸರ್ ಕೆಲಸಕ್ಕೂ ಅವರು ಇಷ್ಟು ಹೆಮ್ಮೆಪಟ್ಟಿಲ್ಲ.

ಹೌದು, ಆ ಸಲ ಫೇಲಾದೆ. ಆರು ತಿಂಗಳ ಮೇಲೆ ಇನ್ನೊಬ್ಬ ರೋಗಿಯನ್ನು ಹುಡುಕಿ ಪಾಸಾದೆ. ಅದೇನೂ ದೊಡ್ಡದಲ್ಲ, ನೀನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಿನಗೆ ಗೊತ್ತಿಲ್ಲ, ನೀನು ನಮ್ಮ ಬ್ಯಾಚಿನಲ್ಲಿ ದೊಡ್ಡ ಹೆಸರು. ಪ್ರತಿ ಸಲ ನಾವು ಸೇರಿದಾಗ ಯಾರಾದರೂ ಒಬ್ಬರು "ಶ್ಯಾಮಲ, ಆ ಕಥೆ ಹೇಳು" ಅನ್ನುತ್ತಾರೆ. ನಾನು ಎದ್ದು ನಿಂತು ಹೇಳುತ್ತೇನೆ. ಪರೀಕ್ಷೆಯ ದೊಡ್ಡ ಕೋಣೆ, ಇಪ್ಪತ್ತು ಕುರ್ಚಿ, ಸಾಲಾಗಿ ಪರೀಕ್ಷಕರು. ನಾನು ಕನ್ನಡಿ ಹಿಡಿದು ನಿನ್ನ ಬಾಯಿ ತೆಗೆಸಿ, "ಅಕ್ಕಾ, ಹಲ್ಲೆಲ್ಲಿ?" ಅಂತ ಕಿರುಚಿದ್ದು. ನೀನು ಬಾಯಿ ತೆರೆದುಕೊಂಡೇ, "ಸಾರುಗಳು ನೋಡ್ತಾರಂತಲ್ಲ, ಕೆಟ್ಟಲ್ಲು ಇಟ್ಕೊಂಡು ಬರೋಕಾಯ್ತದಾ? ನಿಂಗೆ ಮಾರ್ಕು ಬರ್ಲಿ ಅಂತ ಕೀಳಿಸ್ಕೊಂಡು ಬಂದೆ" ಅಂದಿದ್ದು! ಇನ್‌ಸ್ಪೆಕ್ಷನ್ನಿಗೆ ಸ್ಕೂಲು ಗುಡಿಸುವ ಹಾಗೆ ಬಾಯಿ ಗುಡಿಸಿಕೊಂಡು ಬಂದಿದ್ದೆ. ಇಡೀ ಕೋಣೆಯೇ ನಕ್ಕಿತು. ನಮ್ಮ ಪರೀಕ್ಷಕರಾಗಿದ್ದ ರಾಮಚಂದ್ರಪ್ಪ ಸಾರ್‌ಗೆ ಈಗ ಎಂಬತ್ತೆರಡು. ಅವರೂ ಬರುತ್ತಾರೆ, ನಿನ್ನನ್ನು ನೋಡಬೇಕಂತೆ.

ನನ್ನ ಲೆಕ್ಚರು ಶುರುವಾಗುವುದೇ ಈ ಕಥೆಯಿಂದ. ರೋಗಿಗೆ ಪ್ರತಿಯೊಂದನ್ನೂ ಬಿಡಿಸಿ ಹೇಳದಿದ್ದರೆ ಏನಾಗುತ್ತದೆ ಅಂತ ಈಗಿನ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಅವರು ನಗುತ್ತಾರೆ, ನಕ್ಕರೆ ನೆನಪಿಟ್ಟುಕೊಳ್ಳುತ್ತಾರೆ. ನೀನು ಎದ್ದು ನಿಂತು ಒಂದು ಸಲ ಕೈ ಮುಗಿದರೆ ಸಾಕು.

ಆ ಜಾಗದಲ್ಲಿ ಆಮೇಲೆ ಹಲ್ಲು ಕಟ್ಟಿಸಿಕೊಂಡೆಯಾ?

ನಿನ್ನ ಶ್ಯಾಮಲ


ಹೊಸಹಳ್ಳಿ
೮ ಡಿಸೆಂಬರ್ ೨೦೨೫

ಶ್ಯಾಮಲಾ,

ಸರಿ, "ನೀವು" ತೆಗೆದೆ. ನನಗೂ ಪೆನ್ನು ಹಗುರಾಯಿತು.

ಇಲ್ಲಿ ಊರೆಲ್ಲ ಇದೇ ಮಾತು. ಪಕ್ಕದ ಮನೆ ಅಶ್ವತ್ಥಮ್ಮ ದಿನಕ್ಕೊಂದು ನೆಪ ಮಾಡಿಕೊಂಡು ಬರುತ್ತಾಳೆ. ನಿನ್ನೆ ಕರಿಬೇವು ಬೇಕು ಅಂತ ಬಂದಳು. ಅವರ ಮನೆ ಮುಂದೇ ಗಿಡ ಇದೆ! ಕಾಗದ ತೋರಿಸಿದೆ. "ನಂಗೂ ನಾಕಲ್ಲು ಓಗವೆ, ನನ್ನ ಯಾಕೆ ಕರೀಲಿಲ್ಲ?" ಅಂದಳು. ನಮ್ಮ ಯಜಮಾನರು ಮುನಿಸ್ವಾಮಪ್ಪನವರು ಹುಲ್ಲು ಕತ್ತರಿಸುತ್ತಾ, "ಲೇ ರತ್ನ, ಇರೋ ಹಲ್ಲಿಗೆ ಯಾರೂ ಹಾರ ಹಾಕ್ಲಿಲ್ಲ, ಓಗಿರೋ ಹಲ್ಲಿಗೆ ಬೆಂಗ್ಳೂರ್ನಾಗೆ ಸನ್ಮಾನ ಕಣೇ" ಅಂತ ಎಲ್ಲರ ಮುಂದೆ ಅಂದರು. ನಗಲಿ ಬಿಡು. ಅವರೇ ರಾಬರ್ಟ್‌ಸನ್‌ಪೇಟೆಗೆ ಹೋಗಿ ತಮಗೊಂದು ಬಿಳಿ ಷರಟು ಹೊಲಿಯಲು ಕೊಟ್ಟು ಬಂದಿದ್ದಾರೆ. ಕರೆದಿದ್ದು ನನ್ನನ್ನು, ಅಳತೆ ಕೊಟ್ಟಿದ್ದು ಅವರು!

ನಾನು ಯಾವ ಸೀರೆ ಉಡಲಿ? ಮದುವೆಯದು ಹಸಿರು ರೇಷ್ಮೆ, ಇನ್ನೊಂದು ಸುಮಲತ ತೆಗೆಸಿಕೊಟ್ಟ ನೇರಳೆ ಬಣ್ಣದ್ದು. ಅವಳು ನೇರಳೆ ಅನ್ನುತ್ತಾಳೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದಂತೆ. ಬೆಳಗಿನ ಹಾಲು ಕರೆದು, ಡೇರಿಗೆ ಹಾಕಿ, ಬಂಗಾರಪೇಟೆಯಿಂದ ಏಳು ಗಂಟೆ ಆಚೆ ಯಾವ ಟ್ರೈನ್ ಸಿಕ್ಕರೂ ಸಾಕು ಅಂತ ಲೆಕ್ಕ ಹಾಕಿದ್ದೇವೆ. ಈಗ ಅವರೆಕಾಯಿ ಕಾಲ. ಫೆಬ್ರವರಿಗೆ ಮುಗಿದಿರುತ್ತದೆ, ಅದಕ್ಕೆ ಸುಲಿದ ಕಾಳನ್ನು ಒಣಗಿಸಿ ನಿನಗೂ ಅಪ್ಪನಿಗೂ ಎತ್ತಿಟ್ಟಿದ್ದೇನೆ.

ಹಲ್ಲು ಕಟ್ಟಿಸಿಕೊಂಡಿಲ್ಲ. ಆ ಜಾಗ ಹಾಗೇ ಇದೆ. ಬಲಗಡೆ ಅಗಿದರಾಯಿತು, ಅಭ್ಯಾಸ ಆಗಿದೆ.

ಶ್ಯಾಮಲಾ, ಒಂದು ಕೇಳಲಾ? ಲೆಕ್ಚರಿನಲ್ಲಿ ಆ ಮಾತು ಹೇಳಲೇಬೇಕಾ? ನಾನು ಮಾರ್ಕಿಗೆ ಅಂತ ಕೀಳಿಸಿಕೊಂಡೆ ಅನ್ನುವುದು. ಬೇರೆ ಹೇಳಬಹುದಲ್ಲ. ಹಾಲಿನ ವಿಷಯ ಹೇಳು. ನೀನು ಪಾತ್ರೆ ಮರೆತು ಚೊಂಬು ತಂದು ಹಾಲು ಚೆಲ್ಲಿದ್ದು, ನಿಮ್ಮ ಅಮ್ಮ ಬೈದಿದ್ದು. ಅದಕ್ಕೂ ಮಕ್ಕಳು ನಗುತ್ತಾರೆ.

ಸುಮ್ಮನೆ ಕೇಳಿದೆ.

ಇಂತಿ, ಸೀರೆ ಆರಿಸಲಾರದೆ ಕೂತಿರುವ
ರತ್ನಕ್ಕ


ಬೆಂಗಳೂರು
೧೯ ಡಿಸೆಂಬರ್ ೨೦೨೫

ರತ್ನಕ್ಕಾ,

ನೇರಳೆ. ಸುಮಲತ ಹೇಳಿದ್ದೇ ಸರಿ.

ಆಹ್ವಾನ ಪತ್ರಿಕೆ ಇದರ ಜೊತೆ ಇಟ್ಟಿದ್ದೇನೆ. ಬೆಳಗ್ಗೆ ಹತ್ತೂವರೆಗೆ ನನ್ನ ಉಪನ್ಯಾಸ. ಶೀರ್ಷಿಕೆ ನೋಡು: "ಬಾಯಿ ಗುಡಿಸಿಕೊಂಡು ಬಂದ ರೋಗಿ." ನಮ್ಮ ವಿದ್ಯಾರ್ಥಿಯೊಬ್ಬಳು ಚಿತ್ರವನ್ನೂ ಬರೆದಿದ್ದಾಳೆ. ಒಬ್ಬ ಹೆಂಗಸು ಪೊರಕೆ ಹಿಡಿದು ತನ್ನ ಬಾಯಿಯನ್ನೇ ಗುಡಿಸುತ್ತಿದ್ದಾಳೆ. ಪರದೆಯ ಮೇಲೆ ದೊಡ್ಡದಾಗಿ ಬರುತ್ತದೆ.

ಹಾಲು ಚೆಲ್ಲಿದ್ದಕ್ಕೆ ಯಾರು ನಗುತ್ತಾರೆ ಅಕ್ಕಾ? ಆ ಕಥೆ ಇಲ್ಲದಿದ್ದರೆ ನನ್ನ ಲೆಕ್ಚರೇ ಇಲ್ಲ. ನೀನು ನಾಚಿಕೊಳ್ಳಬೇಡ. ಅಲ್ಲಿ ಯಾರೂ ನಿನ್ನನ್ನು ಆಡಿಕೊಂಡು ನಗುವುದಿಲ್ಲ, ಪ್ರೀತಿಯಿಂದ ನಗುತ್ತಾರೆ.

ಶ್ಯಾಮಲ


ಹೊಸಹಳ್ಳಿ
೩೧ ಡಿಸೆಂಬರ್ ೨೦೨೫, ದ್ವಾದಶಿ

ಶ್ಯಾಮಲಾ,

ಚಿತ್ರ ನೋಡಿ ನಾಚಿಕೆಯಾಗಲಿಲ್ಲ. ನಗುವವರ ಮೇಲೆ ಬೇಜಾರೂ ಇಲ್ಲ. ವಿಷಯ ಬೇರೆ ಇದೆ.

ನಿನ್ನೆ ವೈಕುಂಠ ಏಕಾದಶಿ. ನಮ್ಮೂರ ಗುಡಿಯಲ್ಲಿ ಬಿದಿರು ಕಟ್ಟಿ, ಚೆಂಡುಹೂವು ಸುತ್ತಿ ವೈಕುಂಠದ ಬಾಗಿಲು ಮಾಡುತ್ತಾರೆ. ಅದರ ಕೆಳಗೆ ನುಸುಳಿ ಹೋಗಿ ಸ್ವಾಮಿಯನ್ನು ನೋಡಬೇಕು. ಪ್ರತಿ ವರ್ಷ ನಾನೇ ಮೊದಲು. ನಿನ್ನೆ ಸಾಲಿನಲ್ಲಿ ನಿಂತು ಬಾಗಿಲ ಹತ್ತಿರ ಬಂದೆ. ಕಾಲು ಮುಂದಕ್ಕೆ ಬರಲಿಲ್ಲ. ಇಷ್ಟು ವರ್ಷ ಹೇಗೆ ನುಸುಳಿದೆನೋ ಗೊತ್ತಿಲ್ಲ. ಒಂದು ಸುಳ್ಳನ್ನು ನನ್ನ ಹೆಸರಿನಲ್ಲಿ ಪರದೆಯ ಮೇಲೆ ಬರೆದು, ದೀಪ ಹಚ್ಚಿ, ಓದುವ ಮಕ್ಕಳಿಗೆ ಪಾಠ ಅಂತ ಹೇಳುತ್ತಾರೆ ಅಂದಮೇಲೆ ಅವನ ಮುಖ ಹೇಗೆ ನೋಡಲಿ? ಹಿಂದೆ ಇದ್ದ ಅಶ್ವತ್ಥಮ್ಮ "ಓಗಮ್ಮೀ ಮುಂದಕ್ಕೆ, ವೈಕುಂಠ ಮುಚ್ಚೋಯ್ತದೆ" ಅಂತ ತಳ್ಳಿದಳು. ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟು ಮನೆಗೆ ಬಂದೆ.

ನಾನು ಮಾರ್ಕಿಗೆ ಅಂತ ಕೀಳಿಸಿಕೊಳ್ಳಲಿಲ್ಲ. ನೋವಿಗೆ ಕೀಳಿಸಿಕೊಂಡೆ.

ನೀನು ಆಣೆ ಮಾಡಿಸಿದ್ದು ಕಾರ್ತಿಕದಲ್ಲಿ. ಪರೀಕ್ಷೆ ಇದ್ದದ್ದು ಫೆಬ್ರವರಿಯಲ್ಲಿ. ಮೊದಲ ತಿಂಗಳು ತಣ್ಣೀರು ತಗುಲಿದರೆ ಮಾತ್ರ ನೋಯುತ್ತಿತ್ತು. ಆಮೇಲೆ ಗಾಳಿಗೂ ನೋವು. ಲವಂಗ ಅದುಮಿದೆ, ಇಂಗು ಅದುಮಿದೆ. ಹಾಲಿನ ಕ್ಯಾನು ಎತ್ತುವಾಗ ಹಲ್ಲು ಕಚ್ಚುತ್ತೇವಲ್ಲ, ಆಗ ಕಣ್ಣು ಕತ್ತಲೆ ಬರುತ್ತಿತ್ತು. "ಓಗಿ ಕೀಳಿಸ್ಕೊಂಡು ಬಾ" ಅಂತ ಅತ್ತೆ ದಿನಾ ಬೈದರು. ಆಣೆ ಇತ್ತು. ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಕೆನ್ನೆ ಊದಿ ಕಣ್ಣು ಮುಚ್ಚಿಹೋಯಿತು. ಯಜಮಾನರು ಸೈಕಲ್ ಮೇಲೆ ಕೂರಿಸಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದರು. ಆಣೆಯ ವಿಷಯ ಅವರಿಗೆ ಒಂದು ಮಾತೂ ಹೇಳಲಿಲ್ಲ ನಾನು. ಹೇಳಲು ಬಾಯಿ ತೆಗೆಯುವುದಕ್ಕೇ ಆಗುತ್ತಿರಲಿಲ್ಲ.

ಬರುತ್ತೇನೆ ಅಂದಿದ್ದೆ, ಅದಕ್ಕೇ ಹಲ್ಲಿಲ್ಲದಿದ್ದರೂ ಬಂದೆ. ಕಿತ್ತ ಹಲ್ಲನ್ನು ಕಾಗದದಲ್ಲಿ ಕಟ್ಟಿಕೊಂಡೇ ಬಂದಿದ್ದೆ. ಪೆದ್ದಿ ನಾನು, ತೂತು ಅದರಲ್ಲೇ ಇದೆಯಲ್ಲ, ಸಾರುಗಳು ಒಪ್ಪಿದರೆ ಇದಕ್ಕೇ ನೀನು ಬೆಳ್ಳಿ ತುಂಬಬಹುದು ಅಂದುಕೊಂಡಿದ್ದೆ. ಕುರ್ಚಿಯಲ್ಲಿ ಕೂತೆ. ನೀನು "ಹಲ್ಲೆಲ್ಲಿ?" ಅಂದೆ. ಸಾರುಗಳು ನಿನ್ನ ಹಿಂದೆ ನಿಂತಿದ್ದರು. ನೋವಿತ್ತು ಅಂದರೆ, ಯಾಕಮ್ಮ ಮೊದಲೇ ತೋರಿಸಲಿಲ್ಲ ಅನ್ನುತ್ತಾರೆ. ಈ ಹುಡುಗಿ ಬೇಡ ಅಂದಿದ್ದಳು ಅಂತ ನಾನು ಹೇಳಬೇಕಾಗುತ್ತದೆ. ಅದಕ್ಕೆ ಬಾಯಿಗೆ ಬಂದದ್ದು ಹೇಳಿದೆ. ಎಲ್ಲರೂ ನಕ್ಕರು. ನಗು ಬಂದಮೇಲೆ ನಿನ್ನನ್ನು ಯಾರೂ ಬೈಯುವುದಿಲ್ಲ ಅಂದುಕೊಂಡೆ. ಫೇಲು ಮಾಡುತ್ತಾರೆ ಅಂತ ಗೊತ್ತಿರಲಿಲ್ಲ.

ಆಮೇಲೆ ಹೊರಗೆ ಬಂದಾಗ ನೀನು ಏನೋ ಅಂದೆ. ಅದು ನನಗೆ ನೆನಪಿಲ್ಲ.

ಆ ಹಲ್ಲು ಈಗಲೂ ಇದೆ. ದೇವರ ಮನೆಯಲ್ಲಿ ಇಡುವ ವಸ್ತುವಲ್ಲ, ಕೊಟ್ಟಿಗೆಯ ತೊಲೆಯ ಸಂದಿಯಲ್ಲಿ ಕುಂಕುಮದ ಹಳೇ ಡಬ್ಬಿಯಲ್ಲಿಟ್ಟಿದ್ದೇನೆ.

ಲೆಕ್ಚರಿನಲ್ಲಿ ಆ ಕಥೆ ಇದ್ದರೆ ನಾನು ಬರುವುದಿಲ್ಲ ಶ್ಯಾಮಲಾ. ಬೇರೆ ಯಾವ ಲೆಕ್ಚರಾದರೂ ಹೇಳು, ಅರ್ಥವಾಗದಿದ್ದರೂ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.

ವೆಂಕಟರತ್ನಮ್ಮ


ಹೊಸಹಳ್ಳಿ
೨೮ ಜನವರಿ ೨೦೨೬

ಶ್ಯಾಮಲಾ,

ಸಂಕ್ರಾಂತಿ ಆಯಿತು. ಎಳ್ಳು ಬೆಲ್ಲ ಕವರಿನಲ್ಲಿ ಹಾಕಿ ಕಳಿಸೋಣ ಅಂದರೆ ಇರುವೆ ಮುತ್ತುತ್ತದೆ ಅಂತ ಸುಮಲತ ಬಿಡಲಿಲ್ಲ. ಕರುವೊಂದು ಹುಟ್ಟಿತು, ಹೆಣ್ಣು. ಹಣೆಯಲ್ಲಿ ಬಿಳಿ ನಾಮ ಇದೆ, ಅದಕ್ಕೆ ಗೋವಿಂದಿ ಅಂತ ಕರೆಯುತ್ತಿದ್ದೇವೆ.

ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿ "ಇಲ್ಲಮ್ಮೋ" ಅನ್ನುತ್ತಾನೆ. ನಾನು ಕೇಳುವ ಮೊದಲೇ ಅನ್ನುತ್ತಾನೆ. ಕೋಪ ಬಂದಿದ್ದರೆ ಕೋಪ ಬಂದಿದೆ ಅಂತಾದರೂ ಒಂದು ಗೆರೆ ಬರಿ. ಯಜಮಾನರ ಷರಟು ಹೊಲಿದು ಬಂದಿದೆ. ಅದನ್ನು ಹಾಕಿಕೊಂಡು ಹೊಲಕ್ಕೆ ಹೋಗುವ ಹಾಗಿಲ್ಲ, ಬೆಂಗಳೂರಿಗೂ ಹೋಗುವ ಹಾಗಿಲ್ಲ ಅಂತ ಗೊಣಗುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ನಾನು ನಿಜ ಹೇಳಿ ತಪ್ಪು ಮಾಡಿದೆನಾ?

ರತ್ನಕ್ಕ


ಬೆಂಗಳೂರು
೫ ಫೆಬ್ರವರಿ ೨೦೨೬

ರತ್ನಕ್ಕಾ,

ಕ್ಷಮಿಸು. ನಾಲ್ಕು ಸಲ ಬರೆದು ಹರಿದೆ.

ನೀನು ತಪ್ಪು ಮಾಡಲಿಲ್ಲ. ನಾನು ಬರೆಯಬೇಕಾದ್ದು ಎರಡೇ ಮಾತು, ಅದನ್ನು ಬರೆಯಲು ಒಂದು ತಿಂಗಳಾಯಿತು.

ಮೊದಲನೆಯದು. ನಿನಗೆ ನೋವಿತ್ತು ಅಂತ ನನಗೆ ಗೊತ್ತಿತ್ತು. ಆ ಜನವರಿಯಲ್ಲಿ ಮನೆಗೆ ಬಂದಿದ್ದಾಗ ನೀನು ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಹಾಲು ಅಳೆಯುತ್ತಿದ್ದೆ. ನಾನು ಕೇಳಲಿಲ್ಲ. ಕೇಳಿದರೆ ನೀನು ಹೌದು ಅನ್ನುತ್ತಿದ್ದೆ, ಹೌದು ಅಂದರೆ ಅವತ್ತೇ ನಿನ್ನನ್ನು ಕರೆದುಕೊಂಡು ಹೋಗಬೇಕಾಗುತ್ತಿತ್ತು, ನನ್ನ ತೂತು ಹೋಗುತ್ತಿತ್ತು. "ನನ್ನ ತೂತು" ಅಂತಲೇ ನಾವು ಹೇಳುತ್ತಿದ್ದದ್ದು ಅಕ್ಕಾ. ಹಾಸ್ಟೆಲಿನಲ್ಲಿ ಒಬ್ಬರ ರೋಗಿಯನ್ನು ಇನ್ನೊಬ್ಬರು ಹಾರಿಸಿಕೊಂಡು ಹೋಗದ ಹಾಗೆ ಬಚ್ಚಿಡುತ್ತಿದ್ದೆವು. ನಾನು ಓದಿದ್ದು ಹಲ್ಲುನೋವು ವಾಸಿ ಮಾಡಲು. ಮೊದಲನೇ ರೋಗಿಗೇ ನೋವನ್ನು ಕಾಪಾಡಿಕೊಂಡು ಬಾ ಅಂದೆ.

ಎರಡನೆಯದು. ಹೊರಗೆ ನಾನು ಅಂದದ್ದು ನಿನಗೆ ನೆನಪಿಲ್ಲ ಅಂತ ಬರೆದಿದ್ದೀಯ. ನನಗೆ ನೆನಪಿದೆ. "ಇನ್ನ ನಮ್ಮ ಮನೆ ಬಾಗ್ಲಿಗೆ ಹಾಲು ತರಬೇಡ" ಅಂದೆ. ನೀನು ತರಲಿಲ್ಲ. ಮಾರನೇ ದಿನದಿಂದ ನಿಮ್ಮ ಅತ್ತೆ ಬಂದರು. ಅಪ್ಪ ಕೇಳಿದಾಗ "ಪಾಲ್ಕಾರಮ್ಮನಿಗೆ ಮೈ ಹುಷಾರಿಲ್ಲ" ಅಂತ ನಾನು ಹೇಳಿದೆ. ನೀನು ನನಗೋಸ್ಕರ ಒಂದು ಸುಳ್ಳು ಹೇಳಿದೆ. ನಾನೂ ಒಂದು ಹೇಳಿದೆ, ಅದು ನನಗೋಸ್ಕರ.

ಇಪ್ಪತ್ತೈದು ವರ್ಷ ಆ ಕಥೆಯನ್ನು ಎಲ್ಲರಿಗಿಂತ ಜೋರಾಗಿ ನಕ್ಕು ಹೇಳಿದವಳು ನಾನೇ.

ಲೆಕ್ಚರು ಬದಲಾಯಿಸಿದ್ದೇನೆ. ಪೊರಕೆಯ ಚಿತ್ರ ತೆಗೆದಿದ್ದೇನೆ. ಆದರೆ ನಿನ್ನ ಕಥೆ ಬಿಟ್ಟು ಬೇರೆ ಹೇಳಲು ನನಗೆ ಮನಸ್ಸಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಮ್ಮವರು ನಗುವುದಕ್ಕೆ ಕಾದಿರುತ್ತಾರೆ, ರಾಮಚಂದ್ರಪ್ಪ ಸಾರ್ ಇರುತ್ತಾರೆ, ನನ್ನ ವಿದ್ಯಾರ್ಥಿಗಳು ಇರುತ್ತಾರೆ. ಹೆದರಿಕೆಯಾಗುತ್ತಿದೆ. ನೀನು ಒಪ್ಪಿದರೆ ಮಾತ್ರ ಹೇಳುತ್ತೇನೆ. ಆ ಡಬ್ಬಿಯನ್ನೂ ತರುತ್ತೀಯಾ?

ನಿನ್ನ ಒಂದು ಗೆರೆಗೆ ಕಾಯುತ್ತಿರುವ
ಶ್ಯಾಮಲ


ಹೊಸಹಳ್ಳಿ
೧೦ ಫೆಬ್ರವರಿ ೨೦೨೬

ಶ್ಯಾಮಲಾ,

ಹೇಳು. ಡಬ್ಬಿ ತರುತ್ತೇನೆ. ಯಜಮಾನರು ಷರಟಿಗೆ ಇಸ್ತ್ರಿ ಹಾಕಿಸಲು ಈಗಲೇ ಹೊರಟರು, ಇನ್ನೂ ಹನ್ನೆರಡು ದಿನ ಇದೆ ಅಂದರೂ ಕೇಳಲಿಲ್ಲ.

ಹೆದರಿಕೆಯಾದರೆ ಗೋವಿಂದ ಅನ್ನು. ಗಟ್ಟಿಯಾಗಿ ಬೇಡ, ಅಲ್ಲಿ ಓದಿದವರಿರುತ್ತಾರೆ.

ರತ್ನಕ್ಕ


ಹೊಸಹಳ್ಳಿ
೨೪ ಫೆಬ್ರವರಿ ೨೦೨೬

ನನ್ನ ಶ್ಯಾಮಲಾ,

ಮೊನ್ನೆ ಅಷ್ಟು ಜನರ ಮಧ್ಯೆ ನಿನ್ನ ಜೊತೆ ಹತ್ತು ಮಾತೂ ಆಡಲಾಗಲಿಲ್ಲ. ಎಲ್ಲರೂ ನಿನ್ನನ್ನು ಫೋಟೋಕ್ಕೆ ಎಳೆಯುತ್ತಿದ್ದರು. ನೀನು ಮೇಲೆ ವೇದಿಕೆಯಲ್ಲಿದ್ದೆ, ಕೆಳಗೆ ಏನೇನಾಯಿತು ಅಂತ ನಿನಗೆ ಗೊತ್ತಿಲ್ಲ. ಅದನ್ನು ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಎಂಥಾ ಸಭಾಂಗಣ ಅಮ್ಮಾ ಅದು! ಸಿನಿಮಾ ಟಾಕೀಸಿನ ಹಾಗೆ ಮೆತ್ತನೆ ಕುರ್ಚಿ. ಯಜಮಾನರು ಕೂತ ತಕ್ಷಣ ಕುರ್ಚಿ ಹಿಂದಕ್ಕೆ ಬಾಗಿತು, "ಲೇ, ಹಲ್ಲು ಕೀಳ್ತಾರೇನೇ?" ಅಂತ ಎದ್ದು ನಿಂತರು. ನನ್ನನ್ನು ಮುಂದೆ ಕೂರಿಸಿದ್ದರು, ಆದರೆ ನೀನು ಮಾತು ಶುರು ಮಾಡುವ ಮೊದಲು ನಾನು ಎದ್ದು ಯಜಮಾನರನ್ನೂ ಕರೆದುಕೊಂಡು ಹಿಂದೆ ಬಾಗಿಲ ಹತ್ತಿರ ಹೋಗಿ ಕೂತೆ. ಮುಂದೆ ಇದ್ದರೆ ನಿನ್ನ ಕಣ್ಣು ನನ್ನ ಕಡೆ ಬರುತ್ತದೆ, ನೀನು ಅತ್ತುಬಿಡುತ್ತೀಯ ಅಂತ ಹೆದರಿಕೆ.

ನಿನ್ನ ಜೊತೆಯವರು ಮೊದಲು ನಕ್ಕರು, ನೋಡಿದೆಯಲ್ಲ. "ಹಲ್ಲೆಲ್ಲಿ" ಅನ್ನುವ ಮಾತು ಬಂದಾಗ ಚಪ್ಪಾಳೆಯನ್ನೂ ಹೊಡೆದರು. ನೀನು ಅವರು ಸುಮ್ಮನಾಗುವವರೆಗೆ ನಿಂತಿದ್ದು, "ನಾನು ಇಷ್ಟು ವರ್ಷ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಇವತ್ತು ಮುಂದಿನದನ್ನು ಹೇಳುತ್ತೇನೆ" ಅಂದೆ. ಆಣೆಯಿಂದ ಹಿಡಿದು ಎಲ್ಲ ಹೇಳಿದೆ. ನನ್ನ ಪಕ್ಕದಲ್ಲಿದ್ದ ಯಜಮಾನರು, "ಸೈಕಲ್ ತುಳ್ದೋನು ನಾನು, ನಂಗೂ ಹೇಳ್ಲಿಲ್ವಲ್ಲೇ ನೀನು" ಅಂತ ಪಿಸುಗುಟ್ಟಿದರು. ಕಣ್ಣಲ್ಲಿ ನೀರಿತ್ತು. ಬಿಳಿ ಷರಟಿನ ತೋಳಿನಲ್ಲೇ ಒರೆಸಿಕೊಂಡರು.

ಊಟದ ಹೊತ್ತಿನಲ್ಲಿ ರಾಮಚಂದ್ರಪ್ಪ ಸಾರ್ ಕೋಲೂರಿಕೊಂಡು ನನ್ನ ಹತ್ತಿರ ಬಂದರು. ಎದ್ದು ನಿಂತರೆ, "ಕೂತ್ಕೊಳಮ್ಮಾ, ಇವತ್ತು ಪರೀಕ್ಷೆ ನನ್ನದು" ಅಂದರು. ಡಬ್ಬಿ ತೆಗೆದುಕೊಟ್ಟೆ. ಹಲ್ಲನ್ನು ಅಂಗೈಯಲ್ಲಿಟ್ಟು ಕನ್ನಡಕ ಮೇಲೆ ಮಾಡಿ ತುಂಬಾ ಹೊತ್ತು ತಿರುಗಿಸಿ ನೋಡಿದರು. "ಇದನ್ನ ಅವತ್ತೇ ಯಾಕಮ್ಮಾ ತೋರಿಸಲಿಲ್ಲ?" ಅಂತ ಕೇಳಿದರು. "ಬಾಯಿ ತೆಗಿ ಅಂದ್ರಿ ತೆಗೆದೆ ಸಾರ್. ನೋವಿತ್ತಾ ಅಂತ ನೀವ್ಯಾರೂ ಕೇಳ್ಲಿಲ್ಲ" ಅಂದೆ. ಬಾಯಿಗೆ ಬಂದದ್ದು ಆಡಿಬಿಟ್ಟೆನಲ್ಲ ಅಂತ ನಾಲಿಗೆ ಕಚ್ಚಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ಲ, ಕೇಳ್ಲಿಲ್ಲ" ಅಂದು ಅಲ್ಲೇ ನನ್ನ ಪಕ್ಕದಲ್ಲಿ ಕೂತರು. ಪಾಯಸವನ್ನು ಪಕ್ಕಕ್ಕಿಟ್ಟಿದ್ದರು. ನಾನು ತಿನ್ನಿ ಅಂದಮೇಲೆ ತಿಂದರು.

ನಿಮ್ಮ ಅಪ್ಪ ಮಾತ್ರ ಬದಲಾಗಿಲ್ಲ. ನನ್ನನ್ನು ಕಂಡದ್ದೇ "ಎನ್ನಮ್ಮಾ ಪಾಲ್ಕಾರಮ್ಮಾ, ಮೈ ಹುಷಾರಾಯ್ತಾ ಈಗ?" ಅಂದರು. ಇಪ್ಪತ್ತೈದು ವರ್ಷದ ಮೇಲೆ! "ಆಯ್ತಣ್ಣಾ, ಈಗ ಒಳ್ಳೇಗಿದ್ದೀನಿ" ಅಂದೆ. ನೀನು ಹಲ್ಲು ಕಟ್ಟುತ್ತೇನೆ ಬಾ ಅಂದಿದ್ದೀಯಲ್ಲ, ಬರುವ ಗುರುವಾರ ಬರುತ್ತೇನೆ. ಗೋವಿಂದಿಯ ತಾಯಿಯ ಹಾಲು ಚೊಂಬಿನಲ್ಲಿ ತರುತ್ತೇನೆ. ನಿನ್ನ ಬಾಗಿಲಿಗೆ. ಪಾತ್ರೆ ತೊಳೆದಿಡು.

ಈಗ ಮುಖ್ಯವಾದದ್ದು. ಹೊರಡುವಾಗ ನೀನು ಒಂದು ಮಾತು ಅಂದೆ. "ಎಲ್ಲಾ ಚೆನ್ನಾಗಾಯಿತು, ಆದರೆ ನನ್ನ ಫೈನಲ್ ಇಯರ್ ಹುಡುಗಿಯೇ ಲೆಕ್ಚರು ಅರ್ಧದಲ್ಲಿರುವಾಗ ಎದ್ದು ಹೋದಳು, ಅವಳಿಗೆ ನನ್ನ ಮಾತು ಬೇಜಾರಾಯಿತೇನೋ" ಅಂದೆ. ನಿನ್ನ ಮುಖ ಸಣ್ಣಗಾಗಿತ್ತು. ಆಗ ಯಾರೋ ಹಾರ ತಂದರು, ನಾನು ಹೇಳಲಾಗಲಿಲ್ಲ.

ನವ್ಯ ತಾನೆ ಅವಳ ಹೆಸರು? ಕುತ್ತಿಗೆಯಲ್ಲಿ ತೂಗುಹಾಕಿದ್ದ ಕಾರ್ಡಿನಲ್ಲಿ ಓದಿದೆ. ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡ ಶ್ಯಾಮಲಾ. ನೀನು "ನೋವನ್ನು ಕಾಪಾಡಿಕೊಂಡು ಬಾ ಅಂದೆ" ಅನ್ನುವಾಗ ಅವಳು ಎದ್ದಳು. ನನ್ನ ಕಾಲು ತುಳಿದುಕೊಂಡೇ ಬಾಗಿಲು ದಾಟಿದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ, ನಾನು ಸಂದಿಯ ಪಕ್ಕದಲ್ಲೇ ಇದ್ದೆ. ಫೋನು ಕಿವಿಗಿಟ್ಟು ಗೋಡೆ ಕಡೆ ತಿರುಗಿ ನಿಂತಿದ್ದಳು.

"ತಾತಾ, ನಾನು ನವ್ಯ, ಹಲ್ಲಿನ ಕಾಲೇಜು ನವ್ಯ. ಆ ಹಲ್ಲು ನೋಯ್ತಿದ್ಯಾ? ನಿಜ ಹೇಳು ತಾ‌ತಾ. ಎಷ್ಟು ದಿನದಿಂದ? ನಾಳೆ ಬೆಳಗ್ಗೆನೇ ಬಾ. ಪರೀಕ್ಷೆಗೆ ಅಲ್ಲ. ಪರೀಕ್ಷೆಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ, ನೀನು ನಾಳೆ ಬಾ."

ಅಷ್ಟು ಹೇಳಿ ಕಣ್ಣೊರೆಸಿಕೊಂಡು ಒಳಗೆ ಬಂದಳು. ನನ್ನ ಕಾಲು ತುಳಿದದ್ದಕ್ಕೆ "ಸಾರಿ ಆಂಟಿ" ಅಂದಳು. ನಾನು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ. ಸರಿದು ಪಕ್ಕದಲ್ಲಿ ಜಾಗ ಕೊಟ್ಟೆ. ನೀನು ಮುಗಿಸುವವರೆಗೂ ನನ್ನ ಪಕ್ಕದಲ್ಲೇ ಕೂತಿದ್ದಳು.

ಗುರುವಾರ ಸಿಗೋಣ.

ನಿನ್ನ ರತ್ನಕ್ಕ